ಖಡಪದ ಮೇಲೆ ಅಣ್ಣನ ನಾಂಗರ

ನೀರಿನ ಕೆಳಗೆ ಮಾತಾಡಲು ಬರುವುದಿಲ್ಲ. ಈ ಉದ್ಯೋಗದಲ್ಲಿ ನನಗೆ ಇನ್ನೂ ಬೇಸರ ಬಾರದೆ ಉಳಿದಿರುವುದು ಅದೊಂದೇ. ದಡದಲ್ಲಿ ಮಾತ್ರ ಮಾತೇ ಮಾತು. ಕಾರವಾರಕ್ಕೆ ಬರುವ ಪ್ರವಾಸಿಗರಿಗೆ ಸ್ಕೂಬಾ ಡೈವಿಂಗ್ ಮಾಡಿಸುವುದು ನನ್ನ ಕೆಲಸ. ದೋಣಿ ಹತ್ತುವ ಮೊದಲು ಅವರನ್ನೆಲ್ಲ ಮರಳಿನ ಮೇಲೆ ಕೂರಿಸಿ ಅದೇ ಪಾಠ ಒಪ್ಪಿಸುತ್ತೇನೆ. ಹವಳ ಕಲ್ಲಲ್ಲ, ಜೀವ, ಮುಟ್ಟಬೇಡಿ. ಕಾಲಿಗೆ ಕಟ್ಟಿದ ಫಿನ್ ಬೀಸುವಾಗ ಹಿಂದೆ ಏನಿದೆ ನೋಡಿಕೊಳ್ಳಿ, ನೀವು ಹುಟ್ಟುವ ಮೊದಲಿಂದ ಬೆಳೆಯುತ್ತ ಬಂದದ್ದು ಒಂದೇ ಒದೆತಕ್ಕೆ ಮುರಿಯುತ್ತದೆ. ತಳದ ಮರಳು ಕೆದಕಬೇಡಿ, ಅದು ಹೋಗಿ ಹವಳದ ಬಾಯಿಗೇ ಕೂರುತ್ತದೆ. ಖಾಲಿ ಚಿಪ್ಪು ಕಂಡರೂ ಜೇಬಿಗೆ ಹಾಕಬೇಡಿ, ಒಳಗೆ ಯಾವುದೋ ಏಡಿಯ ಸಂಸಾರ ಇರುತ್ತದೆ. ಮೀನಿಗೆ ಬಿಸ್ಕೀಟು ತಿನ್ನಿಸಬೇಡಿ, ಅದಕ್ಕೆ ಅದರದೇ ಊಟ ಇದೆ.

ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಹಾಗೆ ಅಲ್ಲಾಡಿಸಿದವರೇ ಕೆಳಗೆ ಹೋದ ಕೂಡಲೇ ಕೈ ಚಾಚುತ್ತಾರೆ. ಅದಕ್ಕೇ ನಾನು ಯಾರಿಗೂ ಕೈಗವಸು ಕೊಡುವುದಿಲ್ಲ. ಬರಿಗೈಯಾದರೆ ಕಲ್ಲಿಗೆ ಅಂಟಿದ ಕಲ್ವಾ ಚಿಪ್ಪು ಕೊಯ್ದೀತೆಂಬ ಹೆದರಿಕೆಯಾದರೂ ಇರುತ್ತದೆ. ಇನ್ನು ಹೆಬ್ಬೆರಳಿನ ಕತೆ ಬೇರೆ. ನಮ್ಮ ಸಂಜ್ಞೆಯಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಇವರು ಮೀನು ಕಂಡ ಖುಷಿಗೆ ಎತ್ತುತ್ತಾರೆ, ನಾನು ಮೇಲೆ ಕರೆತರುತ್ತೇನೆ, ಮೇಲೆ ಬಂದು ‘ಇಷ್ಟು ಬೇಗ ಯಾಕೆ ಸಾರ್’ ಎಂದು ಜಗಳ ತೆಗೆಯುತ್ತಾರೆ. ನನಗೆ ಐವತ್ತು ದಾಟಿದೆ. ಎಡಗಿವಿಯಲ್ಲಿ ಸದಾ ಯಾರೋ ಸೀಟಿ ಊದುತ್ತಿರುತ್ತಾರೆ. ಸಿಲಿಂಡರ್ ಹೊತ್ತು ಸೊಂಟ ಬಿದ್ದುಹೋಗಿದೆ. ಸಂಜೆ ಸದಾಶಿವಗಡದ ಬಾಡಿಗೆ ಮನೆಗೆ ಬಂದು ಬಿದ್ದರೆ, ಇಷ್ಟು ವರ್ಷ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತೇನೋ ಅನಿಸುತ್ತದೆ.

ಹಾಗೆ ಅನಿಸಿದಾಗಲೆಲ್ಲ ಆ ಖಡಪವನ್ನು ನೆನೆಸಿಕೊಳ್ಳುತ್ತಿದ್ದೆ. ಖಡಪ ಎಂದರೆ ನಮ್ಮ ಕಡೆ ನೀರಿನಲ್ಲಿರುವ ಬಂಡೆ. ಅಮದಳ್ಳಿಯಿಂದ ದಕ್ಷಿಣಕ್ಕೆ, ನೌಕಾನೆಲೆಯ ನಿಷೇಧಿತ ಗಡಿಯಿಂದ ಆಚೆ, ಇಳಿತದ ಹೊತ್ತಿಗೂ ತಲೆ ತೋರಿಸದ ಒಂದು ಬಂಡೆ ಇದೆ. ಅಲ್ಲಿಗೆ ಪ್ರವಾಸಿಗರನ್ನು ನಾನು ಯಾವತ್ತೂ ಕರೆದೊಯ್ದಿಲ್ಲ. ಟೀವಿಯಲ್ಲಿ ತೋರಿಸುವ ಬಣ್ಣಬಣ್ಣದ ಹವಳ ಅದಲ್ಲ. ನಮ್ಮ ನೀರು ಮಸುಕು, ಕಾಳಿ ನದಿಯ ಕೆಸರು ಬಂದು ಸೇರುವ ನೀರು. ಒಳ್ಳೆಯ ದಿನವೂ ನಾಲ್ಕು ಮಾರು ಆಚೆ ಕಾಣುವುದು ಕಷ್ಟ. ಅಲ್ಲಿಯ ಹವಳದ ಬಣ್ಣ ಚಹಾದ ಬಣ್ಣ. ಕೆಲವು ಗುಂಡಗೆ ಕೂತಿವೆ, ಕೆಲವು ಎಲೆಕೋಸಿನಂತೆ ಮಡಚಿಕೊಂಡಿವೆ. ಹತ್ತಿರ ಹೋಗಿ ಉಸಿರು ಸಣ್ಣ ಮಾಡಿ ನಿಂತರೆ ಅದರ ಮೈತುಂಬ ಕೂದಲೆಳೆಯಂಥ ಬೆರಳುಗಳು ಆಡುವುದು ಕಾಣುತ್ತದೆ. ಸಂದಿಯಲ್ಲಿ ಒಂದು ಮುದಿ ಗೊಬ್ರ ಮೀನು ಇದೆ. ನಾನು ಹೋದಾಗೆಲ್ಲ ಅರ್ಧ ಹೊರಗೆ ಬಂದು, ಮತ್ತೆ ಬಂದೆಯಾ ಎನ್ನುವಂತೆ ಬಾಯಿ ಮುಚ್ಚಿ ತೆರೆದು ಒಳಗೆ ಹೋಗುತ್ತದೆ.

ನಾವಲ್ಲಿ ಭಾನುವಾರ ಹೋಗುತ್ತೇವೆ. ನಾವು ಎಂದರೆ ನಾನು ಮತ್ತು ಒಬ್ಬ ಮಾಸ್ತರರು. ಸದಾಶಿವಗಡದ ಶಾಲೆಯಲ್ಲಿ ಕಲಿಸುವವರು, ರಜೆಯ ದಿನ ನನ್ನೊಡನೆ ನೀರಿಗಿಳಿಯುವವರು. ಹರಿದು ಬಂದು ಬಂಡೆಗೆ ಸುತ್ತಿಕೊಂಡ ಬಲೆಗಳನ್ನು ಬಿಡಿಸುವುದು ನಮ್ಮ ಕೆಲಸ. ಯಜಮಾನನಿಲ್ಲದ ಬಲೆ ಕೆಟ್ಟದ್ದು, ಅದು ಯಾರಿಗೂ ಬೇಡದ ಮೀನನ್ನು ಹಿಡಿಯುತ್ತಲೇ ಇರುತ್ತದೆ. ಎಳೆದರೆ ಹವಳವೂ ಕಿತ್ತು ಬರುತ್ತದೆ. ಅದಕ್ಕಾಗಿ ಒಬ್ಬ ಹಿಡಿದುಕೊಳ್ಳಬೇಕು, ಇನ್ನೊಬ್ಬ ಕಣ್ಣು ಕಣ್ಣಾಗಿ ಕತ್ತರಿಸಬೇಕು. ಇಡೀ ಬೆಳಿಗ್ಗೆ ದುಡಿದರೆ ಒಂದು ಚೀಲ ತುಂಬುತ್ತದೆ. ಪ್ರತಿ ಸಲ ಅದೇ ಕಲ್ಲುಗಳ ಫೋಟೋ ಅದೇ ಕೋನದಿಂದ ತೆಗೆಯುತ್ತೇವೆ. ಹೋದ ವರ್ಷ ಹೇಗಿತ್ತು, ಈ ವರ್ಷ ಹೇಗಿದೆ ಎಂದು ಹೇಳಲಿಕ್ಕೆ ಬೇರೆ ಯಾರೂ ಇಲ್ಲವಲ್ಲ. ಸಮುದ್ರವನ್ನು ಉಳಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ. ಈ ಒಂದು ಬಂಡೆ ಉಳಿದರೆ ಸಾಕು ಎಂದುಕೊಂಡಿದ್ದೆ.

ಅದನ್ನೇ ಯಾರೋ ಮುರಿಯತೊಡಗಿದ್ದರು. ಬಂಡೆಯ ನೆತ್ತಿಯಲ್ಲಿ ಹೊಸ ಗಾಯಗಳು. ಎಲೆಕೋಸಿನ ಮಡಿಕೆ ಒಡೆದು ಒಳಗಿನ ಬಿಳಿ ಕಾಣುತ್ತಿತ್ತು. ಪಕ್ಕದಲ್ಲಿ ಉದ್ದಕ್ಕೆ ಗೀರು. ನಾಂಗರ ಎಳೆದ ಗುರುತು ಅದು; ಲಂಗರಿಗೆ ನಮ್ಮಲ್ಲಿ ನಾಂಗರ ಎನ್ನುತ್ತಾರೆ. ಒಂದು ಕಡೆಯಲ್ಲ, ಹತ್ತು ಕಡೆ ಹಾಕಿ ಎಳೆದಿದ್ದರು. ಯಾರೋ ಬೇಕೆಂದೇ ಉತ್ತಂತೆ ಇತ್ತು. ಬಾಯಿಯ ಕೊಳವೆ ಕಚ್ಚಿಕೊಂಡೇ ಬೈದೆ.

ಇದಕ್ಕೆ ಮದ್ದು ಗೊತ್ತಿರುವುದೇ. ಬಂಡೆಯ ಪಕ್ಕದ ಮರಳಿನಲ್ಲಿ ಸಿಮೆಂಟಿನ ಭಾರ ಇಳಿಸಿ, ಹಗ್ಗ ಕಟ್ಟಿ, ಮೇಲೆ ಒಂದು ಬೋಯಾ, ಎಂದರೆ ತೇಲುಬುರುಡೆ, ಬಿಡಬೇಕು. ಬಂದ ದೋಣಿ ನಾಂಗರ ಹಾಕುವ ಬದಲು ಅದಕ್ಕೇ ಕಟ್ಟಿಕೊಳ್ಳಬಹುದು. ನಾಲ್ಕು ಮಂದಿಯನ್ನು ಕೇಳಿಕೊಂಡು ಅನುಮತಿ ಪಡೆದೆವು. ದೊಡ್ಡ ಕಿತ್ತಳೆ ಬಣ್ಣದ ಬೋಯಾ ತಂದೆವು. ಮಾಸ್ತರರ ಅಕ್ಷರ ಮುತ್ತಿನಂಥದ್ದು. ಅದರ ಮೇಲೆ ಕಪ್ಪು ಬಣ್ಣದಲ್ಲಿ ‘ಹವಳ ರಕ್ಷಣಾ ವಲಯ’ ಎಂದು ಬರೆದರು. ನಾನು ಡಬ್ಬಿ ಹಿಡಿದು ನಿಂತು, ಒತ್ತಕ್ಷರ ಎಷ್ಟು ಚಂದ ಬಂದಿದೆ ಎಂದು ಹೊಗಳಿದೆ.

ಮುಂದಿನ ಭಾನುವಾರ ಬೋಯಾ ಇರಲಿಲ್ಲ. ಹಗ್ಗವನ್ನು ಚೂರಿಯಲ್ಲಿ ಕೊಯ್ದಿದ್ದರು. ಇನ್ನೊಂದು ತಂದು ಮತ್ತೆ ಬರೆದು ಕಟ್ಟಿದೆವು. ಅದನ್ನೂ ಕೊಯ್ದರು. ಮಾಸ್ತರರು ‘ಅಲೆಗೆ ಸವೆದಿರಬಹುದು’ ಎಂದರು. ಅವರು ಯಾರ ಬಗ್ಗೆಯೂ ಕೆಟ್ಟದ್ದು ಯೋಚಿಸುವವರಲ್ಲ, ಅದೊಂದು ರೋಗ ಅವರಿಗೆ. ಸವೆದ ಹಗ್ಗ ಯಾವುದು, ಕೊಯ್ದ ಹಗ್ಗ ಯಾವುದು ಎಂದು ಬಲೆಗಾರರ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಕಾಯೋಣ ಎಂದೆ.

ಕಾಯಬೇಕಾಗಲಿಲ್ಲ. ಒಂದು ಭಾನುವಾರ ನಾವಿಬ್ಬರೂ ಕೆಳಗಿದ್ದಾಗ ಮೇಲೆ ಇಂಜಿನ್ನಿನ ಸದ್ದು ಬಂದು ನಿಂತಿತು. ದೋಣಿಯ ನೆರಳು ತಲೆಯ ಮೇಲೆ ಸರಿಯಿತು. ನೋಡುತ್ತಿದ್ದಂತೆ ನಾಲ್ಕು ಮುಳ್ಳಿನ ಕಬ್ಬಿಣದ ನಾಂಗರ ನನ್ನ ಪಕ್ಕದಲ್ಲೇ ಇಳಿದು ಬಂತು. ಬಂಡೆಗೆ ತಾಗಿತು, ಜಾರಿತು, ಒಂದು ಗುಂಡು ಹವಳವನ್ನು ಸೀಳಿಕೊಂಡು ಹೋಗಿ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಹಿಂದೆ ಮಸುಕು ದೂಳೆದ್ದಿತು. ಆ ನಾಂಗರಕ್ಕೆ ಕಟ್ಟಿದ ಹಗ್ಗದ ಗಂಟು ನನಗೆ ಗೊತ್ತಿತ್ತು. ಅಪ್ಪ ಹಾಕುತ್ತಿದ್ದ ಗಂಟು ಅದು, ನಮ್ಮ ಮನೆಯಲ್ಲಿ ಈಗ ಅದನ್ನು ಹಾಕುವವನು ಒಬ್ಬನೇ.

ಮಾಸ್ತರರಿಗೆ ಸಂಜ್ಞೆ ಮಾಡಿ ನಿಧಾನವಾಗಿ ಮೇಲೆ ಬಂದೆ. ಎಷ್ಟೇ ಸಿಟ್ಟು ಬಂದರೂ ನಿಧಾನವಾಗಿಯೇ ಬರಬೇಕು, ಈ ಕೆಲಸದ ಶಿಕ್ಷೆ ಅದು. ದೋಣಿಯ ಅಂಚಿಗೆ ಕೈ ಹಾಕಿದೆ. ಅಣ್ಣ ಒಬ್ಬನೇ ಕೂತಿದ್ದ. ದಡಕ್ಕೆ ಮುಖ ಮಾಡಿ ಎಲೆಯಡಿಕೆ ಅಗಿಯುತ್ತಿದ್ದ. ದೋಣಿಯಲ್ಲಿ ಬಲೆ ಇರಲಿಲ್ಲ, ಮೀನಿನ ಬುಟ್ಟಿಯೂ ಇರಲಿಲ್ಲ.

“ಯಾರದು?” ಎಂದ.

ಮಾಸ್ಕ್ ತೆಗೆದು “ನಾನು” ಎಂದೆ. “ನಾಂಗರ ಎಲ್ಲಿ ಹಾಕ್ದೆ ಗೊತ್ತದೆಯಾ ನಿಂಗೆ?”

“ಖಡಪಕ್ಕೆ ಹಾಕ್ದೆ. ಮತ್ತೆಲ್ಲಿ ಹಾಕೂದು, ನಿನ್ನ ತಲೆಗೆ ಹಾಕೂಕಾಗ್ತದ್ಯಾ?”

“ಬೋಯಾ ಕಟ್ಟಿದ್ವಲ್ಲ. ಅದನ್ನ ಕೊಯ್ದವ್ರು ಯಾರು?”

“ನಾನೇ,” ಎಂದ. ಮುಚ್ಚುಮರೆ ಇಲ್ಲ, ಅಂಜಿಕೆಯೂ ಇಲ್ಲ. “ಮೊದ್ಲಿಂದು ದೋಣಿಗೆ ಬಂದು ಬಡೀತು, ನಾ ಕೊಯ್ದೆ. ಎರಡನೇದು ಕಾಲೊನಿಯವ್ರು ಯಾರೋ ಓದಿ ಕೊಯ್ದ್ರು. ಅದ್ರ ಮೇಲೆ ಎಂತಾ ಬರ್ದಿದ್ರಿ ನೀವು?”

“ಹವಳ ರಕ್ಷಣಾ ವಲಯ.”

“ಹವಳ ಬಿಡು. ಮುಂದಿಂದು ಹೇಳು.”

“ರಕ್ಷಣಾ,” ಎಂದೆ. ಎಂದ ಕೂಡಲೇ ತಪ್ಪು ತಿಳಿಯಿತು. ನಮ್ಮ ಊರಿನವರಿಗೆ ರಕ್ಷಣೆ ಎಂದರೆ ಒಂದೇ ಅರ್ಥ. ನೌಕಾನೆಲೆಗೆ ಭೂಮಿ ಬೇಕಾದಾಗ ಬಂದ ಕಾಗದಗಳಲ್ಲಿ, ಬೇಲಿಗೆ ಹಾಕಿದ ಬೋರ್ಡುಗಳಲ್ಲಿ ಆ ಪದ ಇತ್ತು. ದೇಶದ ರಕ್ಷಣೆಗೆ ಬೇಕು ಎಂದರು. ದೇಶಕ್ಕೆ ಬೇಡ ಅನ್ನಲಿಕ್ಕಾಗುತ್ತದೆಯೇ ಎಂದು ಅಪ್ಪ ಮನೆಯ ಹೆಂಚು ತಾನೇ ಇಳಿಸಿದ. ಹಟ್ಟಿಕೇರಿ ಕಡೆ ಪುನರ್ವಸತಿ ಕಾಲೊನಿಯಲ್ಲಿ ಜಾಗ ಸಿಕ್ಕಿತು, ಮನೆ ಕಟ್ಟಿದೆವು, ಯಾರೂ ಸಾಯಲಿಲ್ಲ. ಆದರೆ ಅಂದಿನಿಂದ ಕಾಲೊನಿಯ ಹೆಂಗಸರು ಮಕ್ಕಳ ಮದುವೆ ಮಾತಾಡುವಾಗಲೂ ‘ರಕ್ಷಣೆ ಬರೂಕೆ ಮೊದ್ಲು’, ‘ರಕ್ಷಣೆ ಬಂದ ಮೇಲೆ’ ಎಂದೇ ವರ್ಷ ಎಣಿಸುತ್ತಾರೆ. ಮಾಸ್ತರರು ಕಾಳಿಯ ಆಚೆ ದಡದವರು, ಅವರಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿಯಬೇಕಿತ್ತು. ಪ್ರವಾಸಿಗರಿಗೆ ದಿನಾ ಹೇಳಿ ಹೇಳಿ ಆ ಪದ ನನ್ನ ಬಾಯಲ್ಲಿ ಸವೆದು ಬೇರೆಯೇ ಆಗಿಬಿಟ್ಟಿತ್ತು.

“ಮೊದ್ಲು ಬೋಯಾ ಬರ್ತದೆ,” ಅಣ್ಣ ಎಂದ. “ಆಮೇಲೆ ಬೋರ್ಡು. ಆಮೇಲೆ ಕಾವಲಿನ ದೋಣಿ. ನಾ ಕಂಡವ ತಮಾ, ನಂಗೆ ಕಲಿಸ್ಬೇಡ.”

“ಇದು ಅದಲ್ಲ ಮಾರಾಯಾ. ಇದು ನಾಂಗರದಿಂದ ಹವಳ ಉಳಿಸೂಕೆ ಅಷ್ಟೆ. ನೀನು ಬಲೆ ಹಾಕೂಕೆ ಬರ್ಬಹುದು, ಯಾರೂ ಬೇಡ ಅನ್ನೂದಿಲ್ಲ.”

“ನಾ ಬಲೆ ಹಾಕೂಕೆ ಬತ್ನಿಲ್ಲ.”

“ಮತ್ತೆಂತಕೆ ಬರ್ತೆ?”

ಅವನು ಗದ್ದದಿಂದ ದಡದ ಕಡೆ ತೋರಿಸಿದ. ಅಲ್ಲಿ ಗುಡ್ಡ, ಗುಡ್ಡದ ಬುಡದಲ್ಲಿ ನಾವು ಹುಟ್ಟಿದ ಊರಿದ್ದ ಜಾಗ. “ಇಲ್ಲಿಂದ ಸಮಾ ಎದ್ರಿಗೆ ಬರ್ತದೆ ನೋಡು ನಮ್ಮನೆ. ಸ್ವಲ್ಪ ಆಚೆ ಹೋದ್ರೆ ಗುಡ್ಡದ ಮೂಗು ಅಡ್ಡ ಆಗ್ತದೆ, ಈಚೆ ಬಂದ್ರೆ ಗಡಿ. ಈ ಖಡಪದ ಮೇಲೆ ನಿಂತ್ರೇ ಸೈ. ನೀ ಕೆಳಗೆ ನೋಡೂಕೆ ಬರ್ತೆ, ನಾ ಮೇಲೆ ನೋಡೂಕೆ ಬತ್ತೆ.”

ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಎಲ್ಲಿ ಇಡಬೇಕೆಂದೂ ಗೊತ್ತಾಗಲಿಲ್ಲ. ಮಾಸ್ತರರು ಪಕ್ಕದಲ್ಲಿ ತಲೆ ಎತ್ತಿ, ನೀರು ಉಗುಳಿ, ನಮಸ್ಕಾರ ಹೇಳಿದರು. ಅಣ್ಣ ಗಾಳಿಯತ್ತ ನಮಸ್ಕಾರ ತಿರುಗಿಸಿದ.

ಅವತ್ತು ಮಧ್ಯಾಹ್ನ ಅಣ್ಣನ ಮನೆಯಲ್ಲೇ ಊಟ. ಅತ್ತಿಗೆ ಬಂಗಡೆ ಸಾರು ಮಾಡಿದ್ದರು. ಅಣ್ಣನ ಎಲೆಗೆ ಮೀನಿನ ಮುಳ್ಳು ಬಿಡಿಸಿ ಬಡಿಸಿದರು. “ಮುದಿಯಾದ ಮೇಲೆ ಮುದ್ದು ಜಾಸ್ತಿ ಆಯ್ತಲ್ಲ ಅತ್ಗೆ” ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ, “ನೀವು ಉಣ್ಣಿ” ಎಂದರು. ನಾನು ಉಂಡೆ. ಉಣ್ಣುತ್ತ, ಬೋಯಾದ ಮೇಲಿನ ಬರಹ ಅಳಿಸುತ್ತೇನೆ, ಕೊಯ್ಯಬೇಡಿ ಎಂದು ಕಾಲೊನಿಯವರಿಗೆ ಹೇಳು ಎಂದೆ. ಅಣ್ಣ ಒಪ್ಪಿದ. ಮೂರನೆಯ ಬೋಯಾದ ಮೇಲೆ ಮಾಸ್ತರರು ‘ದೋಣಿ ಇಲ್ಲಿ ಕಟ್ಟಿ’ ಎಂದಷ್ಟೇ ಬರೆದರು. ಯಾರೂ ಕೊಯ್ಯಲಿಲ್ಲ. ಹಟ್ಟಿಕೇರಿಯ ಕಡೆಯ ದೋಣಿಗಳು ಕಟ್ಟಿಕೊಳ್ಳಲೂ ತೊಡಗಿದವು. ಆದರೆ ಬಂಡೆಯ ಮೇಲೆ ಹೊಸ ಗೀರುಗಳು ನಿಲ್ಲಲಿಲ್ಲ. ಅಣ್ಣ ಬೋಯಾ ಬಿಟ್ಟು ನಾಂಗರವನ್ನೇ ಹಾಕುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಹಟ ಎಂದುಕೊಂಡೆ. ನಮ್ಮ ಮನೆತನಕ್ಕೆ ಹಟ ಹೊಸದಲ್ಲ.

ಆ ಬೇಸಗೆಯಲ್ಲಿ ಕಾರವಾರದ ಒಂದು ಸರಕಾರಿ ಕಚೇರಿಯಿಂದ ಕರೆ ಬಂತು. ನಾವು ವರ್ಷ ವರ್ಷ ತೆಗೆದ ಫೋಟೋಗಳು ಹೇಗೋ ಅವರ ಕೈಗೆ ಮುಟ್ಟಿದ್ದವು. ಸಭೆಯಲ್ಲಿ ಗೋಡೆಗೆ ನಕ್ಷೆ ಹಾಕಿದ್ದರು. ನಮ್ಮ ಖಡಪದ ಸುತ್ತ ಕೆಂಪು ವೃತ್ತ. ಈ ವೃತ್ತದೊಳಗೆ ಯಾವ ದೋಣಿಯೂ ಬರಕೂಡದು, ನಿಮ್ಮಂಥ ಡೈವರುಗಳು ಮಾತ್ರ ಅನುಮತಿ ಪಡೆದು ಬಂದು ನೋಡಿಕೊಳ್ಳಬಹುದು, ಹೀಗೆ ಮಾಡೋಣ ಎಂದು ಯೋಚನೆ ಇದೆ ಎಂದರು ಅಧಿಕಾರಿ. ತಾಳ್ಮೆಯ ಮನುಷ್ಯ, ಎಲ್ಲರ ಮಾತೂ ಕೇಳುವವರು. ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು ನನಗೆ. ಇಷ್ಟು ವರ್ಷ ಬೇಡಿದ್ದು ಅದನ್ನೇ. ಪಕ್ಕದಲ್ಲಿ ಮಾಸ್ತರರ ಮುಖ ಅರಳಿತ್ತು.

“ನೀವು ಅಲ್ಲಿಗೆ ಯಾವಾಗಲೂ ಹೋಗುವವರು,” ಎಂದು ಅಧಿಕಾರಿ ನನ್ನತ್ತ ತಿರುಗಿದರು. “ಈ ಜಾಗ ನಂಬಿಕೊಂಡ ಮೀನುಗಾರರು ಯಾರಾದರೂ ಇದ್ದಾರೆಯೇ?”

ಇಲ್ಲ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. ಅಲ್ಲಿ ಮೀನಿಗಾಗಿ ಬಂದು ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ಇತರರು ಹೋಗುತ್ತ ಬರುತ್ತ ನಿಲ್ಲುತ್ತಾರೆ ಅಷ್ಟೆ. ಆದರೂ ನಾಲಿಗೆ ಹಾಗೆ ಹೊರಳಲಿಲ್ಲ.

“ಒಬ್ಬರಿದ್ದಾರೆ. ನನ್ನ ಅಣ್ಣ.”

“ಬಲೆ ಹಾಕುತ್ತಾರಾ?”

“ಇಲ್ಲ ಸಾರ್. ಸುಮ್ಮನೆ ಕೂರುತ್ತಾರೆ. ಅಲ್ಲಿಂದ ನಮ್ಮ ಹಳೆಯ ಊರು ಕಾಣುತ್ತದೆ.”

ಯಾರೋ ಹಿಂದೆ ನಕ್ಕರು. ಅಧಿಕಾರಿ ನಗಲಿಲ್ಲ. ಸ್ವಲ್ಪ ಯೋಚಿಸಿ, ಅವರೊಬ್ಬರಿಗೆ ಒಂದು ಪಾಸು ಕೊಡಲು ಬರುತ್ತದೆಯೇ ನೋಡೋಣ, ಮನೆಯಲ್ಲಿ ಮಾತಾಡಿ ನಿಮ್ಮ ಅಭಿಪ್ರಾಯ ತಿಳಿಸಿ, ಆಮೇಲೆ ಮುಂದುವರಿಯೋಣ ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥದ್ದೇ ದಾರಿ. ಹೊರಗೆ ಬಂದು ಮಾಸ್ತರರು ಚಹಾ ಕುಡಿಸಿದರು. ನನಗೆ ಮಾತ್ರ ಚಹಾ ರುಚಿಸಲಿಲ್ಲ. ಪಾಸಿನ ಮಾತನ್ನು ಅಣ್ಣನ ಮುಂದೆ ಯಾವ ಬಾಯಲ್ಲಿ ಆಡುವುದು ಎಂಬುದೇ ತಲೆಯಲ್ಲಿತ್ತು.

ಭಾನುವಾರ ನಾವು ಹೋಗಿ ಬೋಯಾಕ್ಕೆ ದೋಣಿ ಕಟ್ಟಿದೆವು. ಗಾಳಿ ಇರಲಿಲ್ಲ, ನೀರು ಕೈಗೆ ಬೆಚ್ಚಗೆ ತಾಗುತ್ತಿತ್ತು. ಮೊದಲ ಸಲ ಕೆಳಗಿಳಿದು ಮೇಲೆ ಬಂದು ಕೂತಿದ್ದಾಗ ಅಣ್ಣನ ದೋಣಿ ಬಂತು. ನಮ್ಮಿಂದ ಅಷ್ಟು ದೂರದಲ್ಲಿ ಇಂಜಿನ್ ನಿಲ್ಲಿಸಿದ. ನಾಂಗರ ಎಸೆದ. ಹಗ್ಗ ಹಿಡಿದು ಎಳೆದು ನೋಡಿದ. ಮರಳಿಗೆ ಬಿದ್ದಿರಬೇಕು, ತಲೆ ಅಲ್ಲಾಡಿಸಿ ಮೇಲೆತ್ತಿದ. ಹುಟ್ಟು ಹಾಕಿ ಸ್ವಲ್ಪ ಮುಂದೆ ಬಂದು ಮತ್ತೆ ಎಸೆದ, ಮತ್ತೆ ಎತ್ತಿದ. ನಾಂಗರ ಈ ಸಲ ಬಂಡೆಯ ಅಂಚಿಗೆ ಕೆರೆದದ್ದು ಹಗ್ಗದ ನಡುಕದಿಂದಲೇ ನನಗೆ ತಿಳಿಯಿತು. ಮೈ ಉರಿದುಹೋಯಿತು. ಫಿನ್ ಕಟ್ಟಿಕೊಂಡೇ ನೀರಿಗೆ ಬಿದ್ದು ಈಜಿಹೋಗಿ ಅವನ ದೋಣಿ ಹತ್ತಿದೆ.

“ಎಂತಾ ಮಾಡ್ತಾ ಇದ್ದೆ? ಕೆಳಗಿದ್ದದ್ದೆಲ್ಲ ಹಾಳಾಯ್ತು!”

“ಖಡಪ ಹುಡುಕ್ತಾ ಇದ್ದೆ.”

“ಹುಡುಕೂದೆಂತಾ? ಕಣ್ಣೆದ್ರಿಗೆ ಬೋಯಾ ಅದೆ, ಬೋಯಾಕ್ಕೆ ನಮ್ಮ ದೋಣಿ ಕಟ್ಟಿ ಅದೆ. ಕಾಣೂದಿಲ್ವಾ?”

“ಇಲ್ಲ,” ಎಂದ ಅಣ್ಣ.

ಅವನ ಮುಖ ನೋಡಿದೆ. ಬಿಸಿಲಿಗೆ ಎದುರಾಗಿ ಕೂತಿದ್ದ. ಎರಡೂ ಕಣ್ಣಿನ ಕರಿಗುಡ್ಡೆಯ ಮೇಲೆ ಗಂಜಿಯ ಕೆನೆಯಂತೆ ಬಿಳಿ ಕಟ್ಟಿತ್ತು. ಇಷ್ಟು ದಿನ ಜೊತೆಗೆ ಉಂಡೆ, ಮಾತಾಡಿದೆ, ಜಗಳ ಆಡಿದೆ. ಮಸುಕು ನೀರಿನಲ್ಲಿ ಬೆರಳಷ್ಟು ಏಡಿ ಗುರುತಿಸುವ ನಾನು ಅದನ್ನು ನೋಡಿರಲಿಲ್ಲ. ಅತ್ತಿಗೆ ಮುಳ್ಳು ಬಿಡಿಸಿ ಕೊಟ್ಟಿದ್ದು ಮುದ್ದಿಗಲ್ಲ ಎಂದು ಆಗ ತಿಳಿಯಿತು.

ಅವನೇ ಹೇಳಿದ. ದಡದ ಗುಡ್ಡವನ್ನೂ ಆಚೆಯ ತೆಂಗನ್ನೂ ಒಂದೇ ಗೆರೆಗೆ ಹಿಡಿದು ಈ ಜಾಗ ಕಂಡುಹಿಡಿಯುತ್ತಿದ್ದನಂತೆ. ಕಣ್ಣು ಮಂಜಾದ ಮೇಲೆ ಗೆರೆ ತಪ್ಪಿತು. ಈಗ ಬಿಸಿಲು ಯಾವ ಕೆನ್ನೆಗೆ ತಾಗುತ್ತದೆ ನೋಡಿಕೊಂಡು, ಅಲೆ ದೋಣಿಗೆ ಹೇಗೆ ಬಡಿಯುತ್ತದೆ ನೋಡಿಕೊಂಡು ಅಂದಾಜಿಗೆ ಬರುತ್ತಾನೆ. ಬಂದ ಮೇಲೆ ನಾಂಗರ ಎಸೆಯುತ್ತಾನೆ. ಅದು ಕಲ್ಲಿಗೆ ಕಚ್ಚಿದರೆ ಸೈ, ಮುಟ್ಟಿದೆ ಎಂದು ಗೊತ್ತಾಗುತ್ತದೆ. ಕಚ್ಚದಿದ್ದರೆ ಮತ್ತೆ ಎಸೆಯುತ್ತಾನೆ. ಬಂಡೆಯ ನೆತ್ತಿಯ ಆ ಹತ್ತಾರು ಗೀರುಗಳು ಹಟದವಲ್ಲ.

“ಡಾಕ್ಟ್ರಿಗೆ ತೋರ್ಸಿದ್ಯಾ?”

“ತೋರ್ಸಿದೆ. ಪೊರೆ ಅಂದ್ರು. ತೆಗೀಬಹುದಂತೆ, ಸಣ್ಣ ಕೆಲಸ ಅಂತೆ.”

“ಮತ್ತೆ ತೆಗೆಸ್ಕೊಳ್ಳೂಕೆ ಎಂತಾ ಧಾಡಿ ನಿಂಗೆ? ನಾಳೇನೇ ಕರ್ಕೊಂಡ್ ಹೋಗ್ತೆ ನಡಿ. ಸಮುದ್ರದಲ್ಲಿ ಕುರುಡನ ಹಾಗೆ ಒಬ್ಬನೇ ತಿರುಗ್ತೆ ಅಲ್ಲ, ಅತ್ಗೆಯ ಗತಿ ಎಂತಾ?”

“ತೆಗೆಸಿದ್ರೆ ಕಾಣ್ತದೆ ತಮಾ.”

“ಕಾಣೂಕೇ ತೆಗೆಸೂದು!”

“ಎಂತಾ ಕಾಣ್ತದೆ?” ಎಂದು ದಡದ ಕಡೆ ಕೈ ಮಾಡಿದ. “ನೀನೇ ನೋಡು. ನೋಡಿ ಹೇಳು ನಂಗೆ, ಅಲ್ಲಿ ಎಂತಾ ಅದೆ ಈಗ.”

ನೋಡಿದೆ. ಉದ್ದಕ್ಕೂ ಕಾಂಕ್ರೀಟಿನ ಗೋಡೆ, ಕ್ರೇನುಗಳು, ಬೂದು ಬಣ್ಣದ ಹಡಗು. ಹಡಗಿನ ಹಿಂದೆ ಗುಡ್ಡ. ಹೇಳ ಹೊರಟು ಸುಮ್ಮನಾದೆ.

“ಅದಕ್ಕೇ,” ಎಂದ ಅಣ್ಣ. “ಈಗ ಇಲ್ಲಿ ಕೂತ್ರೆ ನಂಗೆ ನಮ್ಮನೆ ಕಾಣ್ತದೆ. ಹಿತ್ಲು ಕಾಣ್ತದೆ. ಅಪ್ಪ ಬಲೆ ಒಣಗಿಸ್ತಾ ಇರ್ತಾ. ಕಣ್ಣು ಸಮಾ ಇದ್ದಾಗ ಇದು ಯಾವ್ದೂ ಕಾಣ್ತಾ ಇರ್ಲಿಲ್ಲ, ಆ ಗೋಡೆ ಅಡ್ಡ ಬರ್ತಿತ್ತು.”

ದೂರದಲ್ಲಿ ಮಾಸ್ತರರು ಸಿಲಿಂಡರ್ ಬದಲಿಸುತ್ತ ನಮ್ಮ ಕಡೆ ನೋಡುತ್ತಿದ್ದರು. ನಾನು ಅವನ ನಾಂಗರ ಎತ್ತಿ ದೋಣಿಯೊಳಗೆ ಹಾಕಿದೆ, ಹುಟ್ಟು ಹಾಕಿ ಹೋಗಿ ಬೋಯಾಕ್ಕೆ ಹಗ್ಗ ಕಟ್ಟಿದೆ. ಅವನು ಬೇಡ ಎನ್ನಲಿಲ್ಲ. ಬೋಯಾವನ್ನು ಒಂದು ಸಲ ಕೈಯಿಂದ ತಡವಿ ನೋಡಿ, ದಡದ ಕಡೆ ಮುಖ ಸರಿಮಾಡಿಕೊಂಡು ಕೂತ. ಮುಂದಿನ ಸಲ ಬರುವಾಗ ನನಗೊಂದು ಕರೆ ಮಾಡು, ನಾನು ಬಂದು ಕರೆದು ತರುತ್ತೇನೆ, ಒಬ್ಬನೇ ಬರಬೇಡ ಎಂದೆ. ಹೂಂ ಎಂದ. ಆಮೇಲೆ ಕಚೇರಿಯ ಸಭೆ, ಕೆಂಪು ವೃತ್ತ, ಪಾಸು ಎಲ್ಲ ಹೇಳಿದೆ. ಹೊಟ್ಟೆ ಹಿಡಿದು ನಕ್ಕ.

“ಪಾಸಿಗೆ ಫೋಟೋ ಅಂಟಿಸ್ತಾರಲ್ಲ, ಅದು ನಂದಾ, ನಮ್ಮೂರದ್ದಾ?”

“ಪಾಸೂ ಬೇಡ, ವೃತ್ತವೂ ಬೇಡ ಅಂತ ಹೇಳ್ತೆ. ಬೋಯಾ ಒಂದಿದ್ರೆ ಸಾಕು.”

ಅವನ ನಗು ನಿಂತಿತು. “ಜಾಗ ಮುಚ್ಚಿದ್ರೆ ನಿನ್ನ ಹವಳ ಉಳೀತದಾ?”

ಈ ಪ್ರಶ್ನೆಗೆ ನಾನು ದಿನಾ ದಡದಲ್ಲಿ ಉತ್ತರ ಹೇಳುತ್ತೇನೆ, ಧೈರ್ಯದ ಉತ್ತರ. ಅವನ ಮುಂದೆ ಆಗಲಿಲ್ಲ. “ನಾಂಗರದಿಂದ ಉಳೀತದೆ,” ಎಂದೆ. “ಈ ವರ್ಷ ನೀರೇ ಬಿಸಿ ಆಗ್ಯದೆ. ಈಗ ಇಳಿದು ನೋಡಿ ಬಂದೆ, ನೆತ್ತಿಯ ಗುಂಡು ಹವಳ ಬಣ್ಣ ಬಿಟ್ಟು ಬಿಳಿ ಆಗ್ತಾ ಅದೆ. ಹೀಂಗೇ ಇದ್ರೆ ಸಾಯ್ತದೆ. ಅದಕ್ಕೆ ಯಾವ ಬೋಯಾವೂ ಇಲ್ಲ.” ದಣಿದಿದ್ದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಇದು ನನ್ನ ಕೈಮೀರಿದ್ದು ಎಂದು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದೆ.

ಅಣ್ಣ ತಡವಿಕೊಂಡು ಬಂದು ನನ್ನ ಒದ್ದೆ ಭುಜದ ಮೇಲೆ ಕೈ ಇಟ್ಟ. ಚಿಕ್ಕಂದಿನಲ್ಲಿ ಬಿದ್ದು ಬಂದಾಗ ಇಡುತ್ತಿದ್ದ ಕೈ.

“ಹಾಂಗಾದ್ರೆ ನೋಡೂಕೆ ಹೋಗ್ಬೇಡ ತಮಾ,” ಎಂದ. “ಇಲ್ಲೇ ಮೇಲೆ ಕೂತ್ಕೋ. ಇದ್ದ ಹಾಗೇ ಕಾಣ್ತದೆ.”

ಅವನು ಪ್ರೀತಿಯಿಂದಲೇ ಹೇಳಿದ. ಕೂರೋಣ ಅನಿಸಿದ್ದೂ ನಿಜ. ಮೈಯಲ್ಲಿ ಶಕ್ತಿ ಇರಲಿಲ್ಲ, ಕಿವಿಯಲ್ಲಿ ಸೀಟಿ ಊದುತ್ತಿತ್ತು. ಸ್ವಲ್ಪ ಹೊತ್ತು ಅವನ ಪಕ್ಕದಲ್ಲಿ ಕೂತೆ. ಆಮೇಲೆ ನಮ್ಮ ದೋಣಿಗೆ ದಾಟಿ, ಮಾಸ್ತರರು ಸಿದ್ಧ ಮಾಡಿಟ್ಟ ಸಿಲಿಂಡರ್ ಬೆನ್ನಿಗೇರಿಸಿದೆ, ಕ್ಯಾಮರಾ ಕೈಗೆ ಕಟ್ಟಿಕೊಂಡೆ. ಬಿಳಿಯಾದ ಹವಳದ ಫೋಟೋ ಇನ್ನೂ ತೆಗೆದಿರಲಿಲ್ಲ. ಮೊದಲ ಸಲ ಇಳಿದಾಗ ತೆಗೆಯಲು ಮನಸ್ಸಾಗಿರಲಿಲ್ಲ.

“ಹೋಗ್ತ್ಯಾ?” ಎಂದು ಅಣ್ಣ ಕೂಗಿದ.

“ಹೋಗ್ತೆ.”

“ಹೋಗು. ನೋಡ್ಕಂಡ್ ಬಾ,” ಎಂದ. “ನಂಗೆ ಮಾತ್ರ ಹೇಳ್ಬೇಡ.”